ಪ್ರೊಫಿಲ್ಯಾಕ್ಟಿಕ್: ಮುಂದೆ ನಿಂತ ಕಾವಲುಗಾರ

ರಜೆಗೆ ಭಾರತಕ್ಕೆ ಹೊರಟವರಿಗೆ ನಾವು ವೈದ್ಯರು ಮಲೇರಿಯಾ ಮಾತ್ರೆ ಬರೆದುಕೊಟ್ಟು ಪಕ್ಕದಲ್ಲಿ ‘ಪ್ರೊಫಿಲ್ಯಾಕ್ಟಿಕ್’ ಎಂದು ಗುರುತಿಸುವುದುಂಟು. “ನಮಗೆ ಜ್ವರವೇ ಇಲ್ಲವಲ್ಲ ಡಾಕ್ಟರೇ?” ಎಂಬ ಪ್ರಶ್ನೆ ಕೂಡಲೇ ಬರುತ್ತದೆ. ಪದದ ಅರ್ಥವಿರುವುದೇ ಆ ಪ್ರಶ್ನೆಯಲ್ಲಿ.

ಗ್ರೀಕ್ ಭಾಷೆಯಲ್ಲಿ ‘ಪ್ರೊ’ ಎಂದರೆ ಮುಂದೆ, ‘ಫಿಲಾಕ್ಸ್’ ಎಂದರೆ ಕಾವಲುಗಾರ. ರೋಗ ಬಂದ ಮೇಲೆ ಹೋರಾಡುವುದು ಚಿಕಿತ್ಸೆ. ಬಾರದಂತೆ ಬಾಗಿಲಲ್ಲೇ ತಡೆಯುವುದು ಪ್ರೊಫಿಲ್ಯಾಕ್ಟಿಕ್. ‘ಪ್ರಿವೆಂಟಿವ್’ ಎಂಬ ಲ್ಯಾಟಿನ್ ಮೂಲದ ಪದವನ್ನು ಪೊಲೀಸರ ಬಂಧನಕ್ಕೂ ಯಂತ್ರದ ದುರಸ್ತಿಗೂ ಬಳಸಬಹುದು. ಇದಾದರೋ ಬಹುಮಟ್ಟಿಗೆ ವೈದ್ಯರದೇ. ಅಮೆರಿಕದಲ್ಲಿ ನಾಮಪದವಾಗಿ ಬಳಸಿದರೆ ಕಾಂಡೊಮ್ ಎಂಬ ಅರ್ಥವೂ ಉಂಟು. ನಗಬೇಕಾಗಿಲ್ಲ, ನಮ್ಮ ‘ನಿರೋಧ’ ಶಬ್ದಕ್ಕೂ ಅದೇ ಗತಿಯಾಯಿತಷ್ಟೆ!

ಈ ಗುಣವಾಚಕ ಭಾರತದಲ್ಲಿ ಒಂದು ಔಷಧದ ಹೆಸರೇ ಆಗಿತ್ತು. 1896ರಲ್ಲಿ ಬೊಂಬಾಯಿಗೆ ಪ್ಲೇಗು ಬಂದಾಗ, ಒಡೆಸಾದಲ್ಲಿ ಹುಟ್ಟಿದ ವಾಲ್ಡೆಮಾರ್ ಹಾಫ್‌ಕಿನ್ ಅಲ್ಲಿನ ಗ್ರಾಂಟ್ ಮೆಡಿಕಲ್ ಕಾಲೇಜಿನಲ್ಲಿ ಪ್ಲೇಗಿನ ಕ್ರಿಮಿಗಳನ್ನು ಬೆಳೆಸಿ, ಕಾಯಿಸಿ ಕೊಂದು ಲಸಿಕೆ ಸಿದ್ಧಪಡಿಸಿದರು. 1897ರ ಜನವರಿ 10ರಂದು ಮೊದಲು ಚುಚ್ಚಿಕೊಂಡದ್ದು ತಮಗೇ. ಅಂದಿನ ಇಂಗ್ಲಿಷ್ ಬರಹಗಳಲ್ಲಿ ಅದು ‘ಹಾಫ್‌ಕಿನ್ಸ್ ಪ್ರೊಫಿಲ್ಯಾಕ್ಟಿಕ್’. ಮರುವರ್ಷ ಪ್ಲೇಗು ಬೆಂಗಳೂರನ್ನೂ ಮುಟ್ಟಿತು. ಅಲ್ಲಿಯ ಪ್ಲೇಗ್ ಮಾರಿಯಮ್ಮನ ಗುಡಿಗಳು ಆ ಭಯದ ಕುರುಹಾಗಿ ಇಂದಿಗೂ ಉಳಿದಿವೆ.

ಕಾವಲುಗಾರನ ಕಷ್ಟವೆಂದರೆ, ಕಳ್ಳ ಬಾರದಿದ್ದರೆ ಅವನನ್ನು ಯಾರೂ ನೆನೆಯುವುದಿಲ್ಲ. ತಪ್ಪಿದರೆ ಎಲ್ಲರ ಬೆರಳೂ ಅವನತ್ತಲೇ. ರೋಗಿ ಸತ್ತರೆ ರೋಗವನ್ನು ದೂರಬಹುದು. ಲಸಿಕೆ ಪಡೆದು ಆರೋಗ್ಯವಂತ ಸತ್ತರೆ ದೂರುವುದು ಯಾರನ್ನು? 1902ರ ಅಕ್ಟೋಬರಿನಲ್ಲಿ ಪಂಜಾಬಿನ ಮುಲ್ಕೋವಾಲ್ ಎಂಬ ಹಳ್ಳಿಯಲ್ಲಿ ಒಂದೇ ಸೀಸೆಯ ಲಸಿಕೆ ಪಡೆದ 19 ಜನ ಧನುರ್ವಾಯುವಿಗೆ ಬಲಿಯಾದರು. ಸೀಸೆ ತೆರೆಯುವಾಗ ಸಹಾಯಕನೊಬ್ಬನ ಚಿಮಟ ನೆಲಕ್ಕೆ ಬಿದ್ದಿತ್ತು, ಅದನ್ನು ಸರಿಯಾಗಿ ಶುದ್ಧಗೊಳಿಸಿರಲಿಲ್ಲ ಎಂಬುದು ಹೊರಬಂದಿತು. ಅಷ್ಟಾದರೂ ಅಮಾನತುಗೊಂಡವರು ಹಾಫ್‌ಕಿನ್. ರೊನಾಲ್ಡ್ ರಾಸ್ ಮುಂತಾದ ವಿಜ್ಞಾನಿಗಳು ಲಂಡನ್ನಿನ ‘ದಿ ಟೈಮ್ಸ್’ ಪತ್ರಿಕೆಯಲ್ಲಿ ಅವರ ಪರವಾಗಿ ಬರೆದ ಮೇಲೆ, 1907ರಲ್ಲಿ ಅವರು ದೋಷಮುಕ್ತರಾದರು.

ಆದರೆ ಬೊಂಬಾಯಿಯ ಹುದ್ದೆ ಮರಳಿ ದೊರೆಯಲಿಲ್ಲ, ಕಲ್ಕತ್ತೆಗೆ ಹೋಗಬೇಕಾಯಿತು. ಅವರು ಕಟ್ಟಿದ ಆ ಪ್ರಯೋಗಾಲಯಕ್ಕೆ 1925ರಲ್ಲಿ ಅವರ ಹೆಸರಿಟ್ಟರು. ಆಗಿನ್ನೂ ಅವರು ಬದುಕಿದ್ದರು.