ದೇಶಾವರಿ ನಗೆ: ಯಾವ ದೇಶದ್ದು?

ಕೋಪರಖೈರಣೆಯಿಂದ ಇವತ್ತಿನ ಮಾತು ಒಂದು ನಗೆಯ ಬಗ್ಗೆ. ಮನಸ್ಸಿಲ್ಲದಿದ್ದರೂ ಮುಖಕ್ಕೆ ತಂದುಕೊಳ್ಳೋ ನಗೆಗೆ ಕನ್ನಡದಲ್ಲಿ ‘ದೇಶಾವರಿ ನಗೆ’ ಅಂತಾರೆ. ಕತೆ, ಕಾದಂಬರಿಗಳಲ್ಲಿ ನೀವೂ ಓದಿರ್ತೀರಿ. ಆದರೆ ನಗೆಗೂ ದೇಶಕ್ಕೂ ಏನು ಸಂಬಂಧ?

ಕೇಳಿದ ಕೂಡಲೇ ದೇಸಿ, ಜವಾರಿ ಅನ್ನೋ ಹಾಗೆ ‘ನಮ್ಮೂರಿನದು’ ಅನ್ನಿಸುತ್ತೆ. ಇರೋದು ತದ್ವಿರುದ್ಧ. ಗುಜರಾತಿಯಲ್ಲಿ ದೇಶಾವರ ಅಂದರೆ ಪರದೇಶ. ಹಿಂದಿಯ ದಿಸಾವರ್ ಕೂಡ ಅದೇ: ವ್ಯಾಪಾರಿಗಳು ಸರಕು ಕಳಿಸೋ, ತರಿಸೋ ದೂರದ ಊರು. ಉತ್ತರಪ್ರದೇಶದ ಮಹೋಬಾದಲ್ಲಿ ಬೆಳೆಯೋ ವೀಳ್ಯದೆಲೆಯ ಹೆಸರೇ ದೇಸಾವರಿ. ಅದಕ್ಕೆ ಜಿಐ ಟ್ಯಾಗೂ ಇದೆ. ನಮಗೆ ಈ ಲೋಕ ದೂರದ್ದೇನಲ್ಲ. ಪಕ್ಕದ ವಾಶಿ ಎಪಿಎಂಸಿಗೆ ಬರೋ ಬ್ಯಾಡಗಿ ಮೆಣಸಿನಕಾಯಿ ಕೂಡ ಇಲ್ಲಿಯವರ ಲೆಕ್ಕದಲ್ಲಿ ದೇಶಾವರದ ಮಾಲೇ.

ಸರಕಿನಿಂದ ಈ ಪದ ನಗೆಗೆ ದಾಟಿದ್ದು ಹೇಗೆ? ನನ್ನ ಊಹೆ ಇದು. ಊರೂರು ತಿರುಗೋನು ಎಲ್ಲರ ಹತ್ತಿರಾನೂ ನಗಬೇಕು, ನೆಂಟಸ್ತಿಕೆ ಯಾರ ಹತ್ತಿರಾನೂ ಇಲ್ಲ. ‘ದೇಶಾವರಿ ಮಾತು’ ಅನ್ನೋ ಬಳಕೆ ಇದಕ್ಕೆ ಬಲ ಕೊಡುತ್ತೆ; ಅಂದರೆ ಮೇಲುಮೇಲಿನ, ಉಪಚಾರದ ಮಾತು. ನಗೆಯ ಜೊತೆ ಮಾತ್ರ ಈ ವಿಶೇಷಣ ಇದ್ದಿದ್ದರೆ ನಾನು ಬೇರೆ ಕಾರಣ ಹುಡುಕ್ತಿದ್ದೆ.

ನನ್ನ ಊಹೆ ಸರಿಯಾದರೆ, ಈ ಹೆಸರಿಟ್ಟವರು ಊರಲ್ಲೇ ಉಳಿದವರು. ತಿರುಗಿದವನನ್ನ ಯಾರೂ ಕೇಳಲಿಲ್ಲ. ಭಾಷೆ ಬಾರದ ಊರಲ್ಲಿ ಅವನ ಕೈಯಲ್ಲಿದ್ದ ಬಂಡವಾಳ ಆ ನಗು ಒಂದೇ. ಮಹಾಪೆ, ಐರೋಲಿಯ ಆಫೀಸುಗಳಿಗೆ ಬಂದ ನಾವು ಮರಾಠಿ ನಾಲಿಗೆಗೆ ಹತ್ತೋವರೆಗೆ ವಾಚ್‌ಮನ್ ಮುಂದೆ, ಕಿರಾಣಿ ಅಂಗಡಿಯವರ ಮುಂದೆ ನಕ್ಕದ್ದು ಏನು ಮತ್ತೆ? ಅದನ್ನ ಕಪಟ ಅನ್ನೋಕೆ ನನಗೆ ಬಾಯಿ ಬರೋಲ್ಲ.

ಅಂದಹಾಗೆ, ‘ಹುಸಿನಗೆ’ಯದು ಬೇರೆಯೇ ದಾರಿ. ಹಳಗನ್ನಡದ ಪುಸಿ ಅಂದರೆ ಸುಳ್ಳು. ಪಕಾರ ಹಕಾರವಾಗಿ ಹುಸಿ ಆಯ್ತು. ಆದರೂ ಹುಸಿನಗೆ ಅಂದಾಗ ಎಷ್ಟೋ ಸಲ ತುಟಿಯಂಚಿನ ಸಣ್ಣ ನಗೆ ಅಷ್ಟೇ, ಮೋಸದ ವಾಸನೆಯೇ ಇರಲ್ಲ. ಇಂಗ್ಲಿಷಿನ ‘ಸ್ಮರ್ಕ್’ ಇದರ ಉಲ್ಟಾ. ಸಾವಿರ ವರ್ಷದ ಹಿಂದೆ ಅದರ ಮೂಲರೂಪಕ್ಕೆ ಬರೀ ನಗು ಅಂತಲೇ ಅರ್ಥವಿತ್ತು. ಆಮೇಲೆ ಬಂದ ‘ಸ್ಮೈಲ್’ ಆ ಜಾಗ ಹಿಡೀತು, ಸ್ಮರ್ಕ್ ಪಾಲಿಗೆ ಉಳಿದದ್ದು ಬಿಂಕದ ನಗು.