ಪೇಟೆ ನಡುವಿನ ಉಷ್ಣಮಾಪಕ

ಮೋಡಗಳಿಗೆ ಕ್ಯುಮುಲಸ್, ಸ್ಟ್ರಾಟಸ್, ಸಿರಸ್ ಎಂದು ಹೆಸರಿಟ್ಟ ಲ್ಯೂಕ್ ಹೋವರ್ಡ್ ವೃತ್ತಿಯಿಂದ ವಿಜ್ಞಾನಿಯಾಗಿರಲಿಲ್ಲ. ಲಂಡನ್ನಿನಲ್ಲಿ ಔಷಧಿಗೆ ಬೇಕಾದ ರಾಸಾಯನಿಕಗಳನ್ನು ತಯಾರಿಸುವುದು ಆತನ ಕಸುಬು. 1802ರಲ್ಲಿ ಮಂಡಿಸಿದ ಮೋಡಗಳ ವರ್ಗೀಕರಣ ಆತನಿಗೆ ಕೀರ್ತಿ ತಂದಿತು. ಅದಕ್ಕಿಂತ ಹೆಚ್ಚು ತಾಳ್ಮೆ ಬೇಡಿದ ಇನ್ನೊಂದು ಕೆಲಸ ಮಾತ್ರ ಅಷ್ಟಾಗಿ ಜನರ ಕಣ್ಣಿಗೆ ಬೀಳಲಿಲ್ಲ. ನಗರದ ಸೆಕೆಯೇ ಬೇರೆ, ಹಳ್ಳಿಯ ಸೆಕೆಯೇ ಬೇರೆ ಎಂಬುದನ್ನು ಅಂಕಿಗಳ ಮೂಲಕ ಮೊದಲು ವಿವರವಾಗಿ ತೋರಿಸಿಕೊಟ್ಟವನು ಆತನೇ.

ಆಗಿನ ಲಂಡನ್ ಸುಮಾರು ಹತ್ತು ಲಕ್ಷ ಜನರ ನಗರ. ಹೋವರ್ಡ್ ಊರ ಹೊರಗಿನ ಪ್ಲಾಸ್ಟೋ, ಟಾಟನ್‌ಹ್ಯಾಮ್‌ನಂಥ ಹಳ್ಳಿಗಳಲ್ಲಿ ವರ್ಷಗಟ್ಟಲೆ ತಾಪಮಾನವನ್ನು ಬರೆದಿಟ್ಟ. ಅದನ್ನು ನಗರದ ನಡುವಿನ ಸಾಮರ್‌ಸೆಟ್ ಹೌಸಿನಲ್ಲಿ ರಾಯಲ್ ಸೊಸೈಟಿ ದಾಖಲಿಸುತ್ತಿದ್ದ ಅಂಕಿಗಳೊಡನೆ ಹೋಲಿಸಿದ. ಲಂಡನ್ನಿನ ಹವಾಮಾನ ಕುರಿತ ಆತನ ಗ್ರಂಥದ ಮೊದಲ ಸಂಪುಟ 1818ರಲ್ಲಿ, ವಿಸ್ತರಿಸಿದ ಆವೃತ್ತಿ 1833ರಲ್ಲಿ ಹೊರಬಂದಿತು. ಆತ ಕಂಡದ್ದು ಇಷ್ಟು: ರಾತ್ರಿಯ ಹೊತ್ತು ನಗರವು ಹಳ್ಳಿಗಿಂತ ಸರಾಸರಿ 3.7 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ಸುಮಾರು 2 ಡಿಗ್ರಿ ಸೆಲ್ಸಿಯಸ್, ಹೆಚ್ಚು ಬೆಚ್ಚಗಿರುತ್ತದೆ. ಹಗಲಿನಲ್ಲಿ ಮಾತ್ರ 0.34 ಡಿಗ್ರಿ ಫ್ಯಾರನ್‌ಹೀಟ್‌ನಷ್ಟು ತಂಪು. ಲಂಡನ್ನಿನ ಮೇಲೆ ಸದಾ ಕವಿದಿದ್ದ ಕಲ್ಲಿದ್ದಲ ಹೊಗೆ ಬಿಸಿಲನ್ನು ತಡೆಯುತ್ತಿತ್ತು.

ರಾತ್ರಿಯ ಬಿಸಿಗೆ ಹೋವರ್ಡ್ ಗುರುತಿಸಿದ ಕಾರಣಗಳು ಇಂದಿಗೂ ಸಲ್ಲುತ್ತವೆ. ಮನೆಮನೆಯ ಒಲೆ, ಕಾರ್ಖಾನೆಯ ಕುಲುಮೆಗಳಿಂದ ಹೊರಬೀಳುವ ಶಾಖ; ಗೋಡೆಯಿಂದ ಗೋಡೆಗೆ ಪುಟಿಯುವ ಬಿಸಿಲು; ಗಾಳಿಗೆ ಅಡ್ಡವಾಗುವ ಕಟ್ಟಡಗಳು; ಆವಿಯಾಗಿ ತಂಪೆರೆಯಲು ಬೇಕಾದ ತೇವವಿಲ್ಲದ ನೆಲ. ಹಗಲಿಡೀ ಬಿಸಿಲು ಹೀರಿದ ಕಲ್ಲು, ಗಾರೆಗಳು ರಾತ್ರಿ ಅದನ್ನು ಮೆಲ್ಲಗೆ ಬಿಟ್ಟುಕೊಡುತ್ತವೆ. ಇದಕ್ಕೆ ಮುಂದೆ ‘ನಗರ ಉಷ್ಣದ್ವೀಪ’ ಎಂಬ ಹೆಸರು ಬಂತು. ತಂಪಾದ ಹೊಲಗಳ ನಡುವೆ ನಗರವು ಬಿಸಿಯ ದ್ವೀಪದಂತೆ ನಿಲ್ಲುತ್ತದೆ.

ತೊಡಕು ಆರಂಭವಾಗುವುದು ಇಲ್ಲಿಂದಲೇ. ನೂರು ವರ್ಷಗಳ ಹಿಂದೆ ಬಯಲಿನಲ್ಲಿ ನೆಟ್ಟ ಉಷ್ಣಮಾಪಕದ ಸುತ್ತ ಊರು ಬೆಳೆಯುತ್ತದೆ. ಉಪಕರಣ ಅದೇ ಇದ್ದರೂ ಅಂಕಿ ಏರುತ್ತ ಹೋಗುತ್ತದೆ. ಏರಿದ್ದು ಭೂಮಿಯ ತಾಪವೋ, ಬೀದಿಯ ತಾಪವೋ? ಇದಕ್ಕೆ ವಿರುದ್ಧವಾದ ಮೋಸವೂ ಉಂಟು. ಅನೇಕ ದೇಶಗಳಲ್ಲಿ ಪೇಟೆಯ ನಡುವಿದ್ದ ವೀಕ್ಷಣಾಲಯಗಳು ಊರಾಚೆಯ ವಿಮಾನ ನಿಲ್ದಾಣಗಳಿಗೆ ಸ್ಥಳಾಂತರಗೊಂಡವು. ಆಗ ಕಾಗದದ ಮೇಲೆ ಊರು ಇದ್ದಕ್ಕಿದ್ದಂತೆ ತಂಪಾದಂತೆ ಕಂಡಿತು.

ಭೂಮಿ ಬಿಸಿಯಾಗುತ್ತಿದೆ ಎಂಬುದೆಲ್ಲ ನಗರದ ಉಷ್ಣಮಾಪಕಗಳು ಹುಟ್ಟಿಸಿದ ಭ್ರಮೆ ಎಂದು ವಾದಿಸುವವರಿಗೆ ಈ ತೊಡಕೇ ಆಧಾರವಾಯಿತು. ವಿಜ್ಞಾನಿಗಳು ಇದನ್ನು ತಳ್ಳಿಹಾಕದೆ ಪರೀಕ್ಷೆಗೆ ಒಡ್ಡಿದರು. 1659ರಿಂದ ಹಿಡಿದು ಮಧ್ಯ ಇಂಗ್ಲೆಂಡಿನ ತಾಪಮಾನ ಸರಣಿಯನ್ನು ಗಾರ್ಡನ್ ಮ್ಯಾನ್ಲಿ ಕಟ್ಟಿದರು; 1974ರಿಂದೀಚಿನ ಅಂಕಿಗಳಿಂದ ನಗರದ ಪಾಲೆಂದು ಒಂದೆರಡು ದಶಾಂಶ ಡಿಗ್ರಿಯನ್ನು ಕಳೆಯುವುದು ರೂಢಿಗೆ ಬಂತು. 2004ರಲ್ಲಿ ಬ್ರಿಟನ್ನಿನ ಡೇವಿಡ್ ಪಾರ್ಕರ್ ಒಂದು ಸರಳ ಉಪಾಯ ಹೂಡಿದರು. ಗಾಳಿ ಬೀಸುವ ರಾತ್ರಿ ನಗರದ ಶಾಖ ಚದುರಿಹೋಗುತ್ತದೆ. ಏರಿಕೆಗೆ ನಗರವೇ ಕಾರಣವಾಗಿದ್ದರೆ ಅಂಥ ರಾತ್ರಿಗಳಲ್ಲಿ ಏರಿಕೆ ಕಡಿಮೆ ಇರಬೇಕು. ಆದರೆ ಗಾಳಿಯ ರಾತ್ರಿಗಳೂ ನಿಶ್ಚಲ ರಾತ್ರಿಗಳಷ್ಟೇ ಬಿಸಿಯೇರಿದ್ದವು. ಹಳೆಯ ಲೆಕ್ಕಗಳನ್ನು ಸಂಶಯಿಸಿದ್ದ ಅಮೆರಿಕದ ಭೌತವಿಜ್ಞಾನಿ ರಿಚರ್ಡ್ ಮುಲ್ಲರ್ ತಾವೇ ಮತ್ತೆ ಲೆಕ್ಕ ಹಾಕಿಸಿದರು. 250 ವರ್ಷಗಳಲ್ಲಿ ನೆಲದ ತಾಪ ಸುಮಾರು ಒಂದೂವರೆ ಡಿಗ್ರಿ ಸೆಲ್ಸಿಯಸ್ ಏರಿದೆ, ಜಾಗತಿಕ ಸರಾಸರಿಯಲ್ಲಿ ನಗರಗಳ ಪಾಲು ನಗಣ್ಯ ಎಂದು 2012ರಲ್ಲಿ ಅವರು ಒಪ್ಪಿಕೊಂಡರು. ಭೂಮಿಯ ಮುಕ್ಕಾಲು ಪಾಲಿಗೆ ಸಮೀಪದಷ್ಟು ಹರಡಿರುವ ಸಾಗರಗಳ ಮೇಲೆ ನಗರಗಳಿಲ್ಲ, ಅವೂ ಬಿಸಿಯಾಗಿವೆ.

ಹಾಗಾದರೆ ಒಂದೊಂದೇ ಊರಿನ ದಾಖಲೆಯನ್ನು ಓದುವುದು ಹೇಗೆ? ಬೆಂಗಳೂರನ್ನೇ ನೋಡಬಹುದು. 1884ರ ಜನವರಿ 13ರಂದು ಇಲ್ಲಿ 7.8 ಡಿಗ್ರಿ ಸೆಲ್ಸಿಯಸ್ ದಾಖಲಾಗಿತ್ತು. 2016ರ ಏಪ್ರಿಲ್ 24ರಂದು ಪಾದರಸ 39.2 ಡಿಗ್ರಿಗೇರಿ ಹಳೆಯ ದಾಖಲೆಯನ್ನು ಮುರಿಯಿತು. 1901ರಲ್ಲಿ ಸುಮಾರು ಒಂದೂವರೆ ಲಕ್ಷವಿದ್ದ ಜನಸಂಖ್ಯೆ 2011ರ ಹೊತ್ತಿಗೆ 85 ಲಕ್ಷದ ಆಸುಪಾಸಿಗೆ ಬಂದಿತ್ತು. ಕೆರೆಗಳು ಬಡಾವಣೆ, ಬಸ್ ನಿಲ್ದಾಣ, ಕ್ರೀಡಾಂಗಣಗಳಾದವು. ಇಂಥ ಊರಿನ ಅಂಕಿಯಲ್ಲಿ ಲೋಕದ ಬಿಸಿ, ಊರಿನ ಬಿಸಿ ಎರಡೂ ಬೆರೆತಿರುತ್ತವೆ. ಎರಡು ದಿನಗಳ ಅಂಕಿಯಿಂದ ಅವನ್ನು ಬೇರ್ಪಡಿಸಲಾಗದು. ಅದಕ್ಕೆ ಸುತ್ತಲಿನ ಹಳ್ಳಿಗಳ ದೀರ್ಘಕಾಲದ ದಾಖಲೆಯೂ ಬೇಕು.

ಭೂಮಿಯ ಲೆಕ್ಕ ಹಾಕುವವರು ನಗರದ ಬಿಸಿಯನ್ನು ಕಳೆಯಲೇಬೇಕು. ನಗರದಲ್ಲಿ ಮಲಗುವವರಿಗೆ ಆ ಸೌಲಭ್ಯವಿಲ್ಲ. 2003ರ ಆಗಸ್ಟಿನ ಬಿಸಿಗಾಳಿಗೆ ಫ್ರಾನ್ಸ್‌ನಲ್ಲಿ ಸುಮಾರು 15,000 ಜನ ಬಲಿಯಾದಾಗ, ರಾತ್ರಿಯೂ ತಣಿಯದ ಪ್ಯಾರಿಸ್ಸಿನಲ್ಲಿ ವೃದ್ಧರೇ ಹೆಚ್ಚು ಸತ್ತರು. ಮೈಗೆ ತಾಗುವುದು ತಿದ್ದಿದ ಅಂಕಿಯಲ್ಲ. ಒಂದು ಮರ, ಒಂದು ಕೆರೆ ಉಳಿಸಿಕೊಂಡರೆ ಭೂಮಿಯ ಸರಾಸರಿ ಇಳಿಯದಿರಬಹುದು. ಆ ಬೀದಿಯ ರಾತ್ರಿಯಂತೂ ತಂಪಾಗುತ್ತದೆ.