ತಂತಿ, ಬೆರಳು, ಪೆಟ್ಟಿಗೆ

ಗೋವೆಯ ಸಾಷ್ಟಿ ತಾಲ್ಲೂಕಿಗೆ ಸೇರಿದ ವೆರ್ಣಾ ಪ್ರಸ್ಥಭೂಮಿಯಿಂದ ದಾಬೋಲಿಮ್‌ನ ನೌಕಾ ವಿಮಾನನೆಲೆಯಾದ ಐ.ಎನ್.ಎಸ್. ಹಂಸವಾಗಲಿ, ಅದರಾಚೆಯ ವಾಸ್ಕೋ ಪಟ್ಟಣವಾಗಲಿ, ಮುರಗಾವ್ ಬಂದರಾಗಲಿ ಬಹುದೂರದಲ್ಲಿಲ್ಲ. ರಾಷ್ಟ್ರದ ಭದ್ರತೆ, ನ್ಯಾಯವಿಧಿ, ತಂತ್ರವಿದ್ಯೆ ಎಂಬ ಮೂರು ಸಂಗತಿಗಳು ನಮ್ಮ ದೇಶದಲ್ಲಿ ಪರಸ್ಪರ ಸಂಧಿಸಿದ ಬಗೆಯನ್ನು ಅರಿಯಲು ಹೊರಟವನು ದಿಲ್ಲಿಯ ದಫ್ತರಗಳನ್ನೇ ಶೋಧಿಸಬೇಕಾದುದಿಲ್ಲ. ಈ ಕಿರುಪ್ರದೇಶದ ಕಳೆದ ಎಂಬತ್ತು ವರ್ಷಗಳ ವೃತ್ತಾಂತವನ್ನು ಅವಲೋಕಿಸಿದರೂ ಅದರ ಬಹುಭಾಗ ಅವನಿಗೆ ಗೋಚರವಾದೀತು.

ಎರಡನೆಯ ಮಹಾಯುದ್ಧದ ಕಾಲದಲ್ಲಿ ಪೋರ್ಚುಗಲ್ ತಟಸ್ಥವಾಗಿದ್ದುದರಿಂದ, ಅದರ ಆಡಳಿತಕ್ಕೊಳಪಟ್ಟಿದ್ದ ಮುರಗಾವ್ ಬಂದರಿನಲ್ಲಿ ಜರ್ಮನಿಯ ಮೂರು ಮತ್ತು ಇಟಲಿಯ ಒಂದು ವಾಣಿಜ್ಯ ನೌಕೆಗಳು ಆಶ್ರಯ ಪಡೆದಿದ್ದುವು. ಅವುಗಳಲ್ಲಿ ಎಹ್ರೆನ್‌ಫೆಲ್ಸ್ ಎಂಬುದರಲ್ಲಿ ಗುಪ್ತ ನಿಸ್ತಂತು ಪ್ರೇಷಕವೊಂದಿದ್ದು, ಅದು ಮಿತ್ರರಾಷ್ಟ್ರಗಳ ಹಡಗುಗಳ ಚಲನವಲನವನ್ನು ಜರ್ಮನ್ ಜಲಾಂತರ್ಗಾಮಿಗಳಿಗೆ ಅರುಹುತ್ತಿದೆಯೆಂದು ಬ್ರಿಟಿಷರು ದೃಢವಾಗಿ ನಂಬಿದರು. ತಟಸ್ಥ ಬಂದರಿನೊಳಕ್ಕೆ ಸೈನಿಕರನ್ನು ಕಳುಹಿಸಿದರೆ ಅಂತಾರಾಷ್ಟ್ರೀಯ ವಿಧಿಯ ಉಲ್ಲಂಘನೆಯಾಗುತ್ತಿದ್ದುದರಿಂದ, ಕಲಕತ್ತೆಯ ಹವ್ಯಾಸಿ ಅಶ್ವದಳದ ನಡುವಯಸ್ಸು ಮೀರಿದ ವರ್ತಕರನ್ನೂ ಗುಮಾಸ್ತರನ್ನೂ ಹೂಳೆತ್ತುವ ದೋಣಿಯೊಂದರಲ್ಲಿ ಕೂರಿಸಿ ಕಳುಹಿಸಲಾಯಿತು. 1943ರ ಮಾರ್ಚ್ 9ರ ರಾತ್ರಿ ಅವರು ಎಹ್ರೆನ್‌ಫೆಲ್ಸನ್ನು ಏರಿದರು. ನಾವಿಕರೇ ತಮ್ಮ ಹಡಗುಗಳನ್ನು ಮುಳುಗಿಸಿಕೊಂಡರು. ಈ ಕಥೆ ಮೂವತ್ತೈದು ವರ್ಷ ಕಡತದಲ್ಲಿ ಅಡಗಿದ್ದು, 1978ರಲ್ಲಿ ಜೇಮ್ಸ್ ಲೀಸರನ ಪುಸ್ತಕದ ಮೂಲಕ ಲೋಕಕ್ಕೆ ತಿಳಿಯಿತು. ಕಾನೂನನ್ನು ಬಹಿರಂಗವಾಗಿ ಮುರಿಯಲೊಲ್ಲದ ಸರ್ಕಾರ ಕಾನೂನಿನ ಕಣ್ಣಿಗೆ ಬೀಳದವರನ್ನು ಕಳುಹಿಸಿತಷ್ಟೆ. ಭದ್ರತೆಯ ಹೆಸರಿನಲ್ಲಿ ಕಾನೂನನ್ನು ಎದುರಿಸುವುದಕ್ಕಿಂತ ಬಳಸಿ ಹೋಗುವುದೇ ಎಲ್ಲ ಕಾಲದ ಸರ್ಕಾರಗಳಿಗೂ ಸುಲಭವೆನಿಸಿದೆಯೆಂದು ನನಗೆ ತೋರುತ್ತದೆ.

ಸ್ವತಂತ್ರ ಭಾರತಕ್ಕೆ ಸಂದೇಶಗಳನ್ನು ಆಲಿಸುವ ವಿಷಯದಲ್ಲಿ ಪಿತ್ರಾರ್ಜಿತವಾಗಿ ಬಂದುದು 1885ರ ಟೆಲಿಗ್ರಾಫ್ ಕಾಯ್ದೆ. ಅದರ ಐದನೆಯ ಪ್ರಕರಣವು ಸಾರ್ವಜನಿಕ ತುರ್ತುಸ್ಥಿತಿ ಇಲ್ಲವೆ ಸಾರ್ವಜನಿಕ ಸುರಕ್ಷತೆಯ ಸಂದರ್ಭದಲ್ಲಿ ಸಂದೇಶಗಳನ್ನು ತಡೆಯುವ, ಆಲಿಸುವ ಅಧಿಕಾರವನ್ನು ಸರ್ಕಾರಕ್ಕೆ ನೀಡಿತಾದರೂ, ಆ ಅಧಿಕಾರವನ್ನು ಯಾವ ಕ್ರಮದಿಂದ ಚಲಾಯಿಸಬೇಕೆಂಬುದನ್ನು ನಿಯಮಗಳಿಗೆ ಬಿಟ್ಟಿತು. ಆ ನಿಯಮಗಳು ದಶಕಗಳ ಕಾಲ ರಚಿತವಾಗಲೇ ಇಲ್ಲ. ಕನ್ನಡಿಗರಿಗೆ ಇದರ ಅರ್ಥ ಮನವರಿಕೆಯಾದುದು 1988ರ ಆಗಸ್ಟ್ ತಿಂಗಳಲ್ಲಿ, ಫೋನ್ ಕದ್ದಾಲಿಕೆಯ ಆಪಾದನೆಯ ನಡುವೆ ರಾಮಕೃಷ್ಣ ಹೆಗಡೆಯವರು ಮುಖ್ಯಮಂತ್ರಿ ಪದವಿಗೆ ರಾಜೀನಾಮೆಯಿತ್ತಾಗ. ರಾಜಕಾರಣದಲ್ಲಿ ಅದೊಂದು ದೊಡ್ಡ ಪಲ್ಲಟವಾಯಿತು. ಕಾಯ್ದೆಯಲ್ಲಿ ಮಾತ್ರ ಒಂದಕ್ಷರವೂ ಬದಲಾಗಲಿಲ್ಲ.

ಬದಲಾವಣೆ ಬಂದುದು ನ್ಯಾಯಾಲಯದಿಂದ. ನಾಗರಿಕ ಸ್ವಾತಂತ್ರ್ಯಗಳ ಸಂಘಟನೆಯಾದ ಪಿ.ಯು.ಸಿ.ಎಲ್. ಹೂಡಿದ ಮೊಕದ್ದಮೆಯಲ್ಲಿ 1996ರ ಡಿಸೆಂಬರ್‌ನಲ್ಲಿ ತೀರ್ಪಿತ್ತ ಸುಪ್ರೀಂ ಕೋರ್ಟ್, ಆಲಿಕೆಯ ಆದೇಶವನ್ನು ಗೃಹ ಕಾರ್ಯದರ್ಶಿಯೇ ಹೊರಡಿಸತಕ್ಕದ್ದೆಂದೂ, ಪರಿಶೀಲನಾ ಸಮಿತಿಯೊಂದು ಅದನ್ನು ಪರಾಮರ್ಶಿಸತಕ್ಕದ್ದೆಂದೂ, ಒಟ್ಟು ಅವಧಿ ಆರು ತಿಂಗಳನ್ನು ಮೀರಕೂಡದೆಂದೂ ವಿಧಿಸಿತು. ಆದರೆ ಪೂರ್ವಭಾವಿಯಾಗಿ ನ್ಯಾಯಾಧೀಶರ ಅನುಮತಿ ಬೇಕೆಂಬ ವಾದವನ್ನು, ಶಾಸನದಲ್ಲಿ ಅದಕ್ಕೆ ಅವಕಾಶವಿಲ್ಲವೆಂದು ಬದಿಗಿರಿಸಿತು. 2007ರ ಹೊತ್ತಿಗೆ ವಿವರವಾದ ರೂಪ ಪಡೆದ 419ಎ ನಿಯಮವು ಈ ವ್ಯವಸ್ಥೆಯನ್ನೇ ಸ್ಥಿರಪಡಿಸಿತು: ಆದೇಶ ಕೊಡುವವರೂ ಕಾರ್ಯದರ್ಶಿಗಳು, ಅದು ಸರಿಯೇ ಎಂದು ನೋಡುವವರೂ ಕಾರ್ಯದರ್ಶಿಗಳು. ನ್ಯಾಯಮೂರ್ತಿ ಬಿ.ಎನ್. ಶ್ರೀಕೃಷ್ಣ ಸಮಿತಿಯು 2018ರ ತನ್ನ ವರದಿಯಲ್ಲಿ, ಎರಡು ತಿಂಗಳಿಗೊಮ್ಮೆ ಸೇರುವ ಈ ಪರಿಶೀಲನಾ ಸಮಿತಿಯ ಮುಂದೆ ಪ್ರತಿ ಸಭೆಯಲ್ಲಿಯೂ 15,000ದಿಂದ 18,000 ಆದೇಶಗಳಿರುತ್ತವೆಯೆಂದೂ, ಅದು ನೆರವೇರಿಸಲಾಗದ ಕಾರ್ಯವೆಂದೂ ಹೇಳಿತು. ಒಂದೇ ದಿನದ ಸಭೆಯಲ್ಲಿ ಅಷ್ಟು ಕಾಗದಗಳನ್ನು ಎಣಿಸುವುದೂ ದುಸ್ಸಾಧ್ಯ. ಓದುವ ಮಾತಂತೂ ದೂರ.

ತಂತಿಯ ಕಥೆ ಹೀಗೆ ಸಾಗುತ್ತಿರುವಾಗಲೇ ಬೆರಳಿನ ಕಥೆ ವಾಸ್ಕೋದಲ್ಲಿ ಆರಂಭವಾಯಿತು. 2013ರಲ್ಲಿ ಅಲ್ಲಿಯ ಶಾಲೆಯೊಂದರೊಳಗೆ ಎಳೆಯ ಬಾಲಿಕೆಯ ಮೇಲೆ ಘೋರವಾದ ಅತ್ಯಾಚಾರ ನಡೆದು, ಗೋವೆಯಾದ್ಯಂತ ಜನ ಕ್ಷುಬ್ಧರಾದರು. ತನಿಖೆಯನ್ನು ವಹಿಸಿಕೊಂಡ ಸಿ.ಬಿ.ಐ.ಗೆ ಸ್ಥಳದಲ್ಲಿ ದೊರೆತ ಬೆರಳಚ್ಚುಗಳಿದ್ದುವು. ಅವಕ್ಕೆ ಸರಿಹೊಂದುವ ಬೆರಳು ಮಾತ್ರ ಸಿಕ್ಕಿರಲಿಲ್ಲ. ಗೋವೆಯಲ್ಲಿ ಆಧಾರ್ ಪಡೆದವರೆಲ್ಲರ ಅಂಗಚಿಹ್ನೆಗಳ ಭಂಡಾರವನ್ನೇ ತೆರೆದು ತಾಳೆ ನೋಡಬೇಕೆಂಬ ಪ್ರಾರ್ಥನೆಯನ್ನು ಸ್ಥಳೀಯ ಮ್ಯಾಜಿಸ್ಟ್ರೇಟರು ಮನ್ನಿಸಿದರು. ಆಧಾರ್ ನೀಡುವ ಪ್ರಾಧಿಕಾರವು ಬೊಂಬಾಯಿ ಹೈಕೋರ್ಟಿನ ಗೋವಾ ಪೀಠಕ್ಕೆ ಮೊರೆಹೋಯಿತು. ಆ ಪೀಠವು ಇಂಥ ತಾಳೆ ಸಾಧ್ಯವೇ ಎಂದು ಪರೀಕ್ಷಿಸಲು ಕೇಂದ್ರ ವಿಧಿವಿಜ್ಞಾನ ಪ್ರಯೋಗಾಲಯಕ್ಕೆ ಸೂಚಿಸಿತು. ಪ್ರಕರಣ ಅಲ್ಲಿಂದ ಸುಪ್ರೀಂ ಕೋರ್ಟಿಗೆ ಏರಿತು.

ಈ ಹಂತದಲ್ಲಿ ಪ್ರಾಧಿಕಾರವು ಮಂಡಿಸಿದ ವಾದ ನನಗೆ ಇಂದಿಗೂ ಕುತೂಹಲಕರವಾಗಿ ಕಾಣುತ್ತದೆ. ಆಧಾರ್ ನಿರ್ದೋಷವಾದ ಗುರುತೆಂದು ಅಲ್ಲಿಯವರೆಗೆ ದೇಶಕ್ಕೆಲ್ಲ ಸಾರುತ್ತಿದ್ದ ಸಂಸ್ಥೆಯೇ, ತನ್ನ ಯಂತ್ರದಲ್ಲಿ ನೂರಕ್ಕೆ 0.057ರಷ್ಟು ತಪ್ಪುಹೊಂದಿಕೆ ಇದೆಯೆಂದೂ, ಸುಮಾರು 60 ಕೋಟಿ ನೋಂದಣಿಗಳ ಭಂಡಾರದಲ್ಲಿ ಒಂದು ಬೆರಳನ್ನು ಅರಸಹೊರಟರೆ ಲಕ್ಷಗಟ್ಟಲೆ ನಿರಪರಾಧಿಗಳು ಶಂಕಿತರಾಗುವರೆಂದೂ ತಾನಾಗಿಯೇ ನಿವೇದಿಸಿಕೊಂಡಿತು. ಪೌರನಿಗೆ ಪಡಿತರ ಕೊಡಲು ಸಾಕಾಗುವ ನಿಖರತೆ ಅವನನ್ನು ಸೆರೆಗೆ ಕಳುಹಿಸಲು ಸಾಲದೆಂಬುದು ಆ ವಾದದ ತಾತ್ಪರ್ಯ. 2014ರ ಮಾರ್ಚ್ 24ರಂದು ನ್ಯಾಯಮೂರ್ತಿಗಳಾದ ಬಿ.ಎಸ್. ಚೌಹಾಣ್ ಮತ್ತು ಜೆ. ಚೆಲಮೇಶ್ವರ್ ಅವರು, ವ್ಯಕ್ತಿಯ ಲಿಖಿತ ಸಮ್ಮತಿಯಿಲ್ಲದೆ ಅವನ ಅಂಗಚಿಹ್ನೆಗಳನ್ನು ಯಾವ ಸಂಸ್ಥೆಗೂ ಕೊಡಕೂಡದೆಂದು ತಡೆಯಾಜ್ಞೆ ನೀಡಿದರು.

ಅದೇ ಕಾಲದಲ್ಲಿ, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ತಮ್ಮ ಎಂಬತ್ತಾರನೆಯ ವಯಸ್ಸಿನಲ್ಲಿ, 2012ರಲ್ಲಿ, ಆಧಾರ್ ವಿರುದ್ಧ ಹೂಡಿದ್ದ ಅರ್ಜಿಯೂ ಅದೇ ನ್ಯಾಯಾಲಯದಲ್ಲಿ ನಡೆಯುತ್ತಿತ್ತು. ಒಂಬತ್ತು ಮಂದಿ ನ್ಯಾಯಾಧೀಶರ ಪೀಠವು 2017ರ ಆಗಸ್ಟ್ 24ರಂದು ಖಾಸಗಿತನವನ್ನು ಮೂಲಭೂತ ಹಕ್ಕೆಂದು ಘೋಷಿಸಿದುದು ಎಲ್ಲರೂ ಬಲ್ಲ ಸಂಗತಿಯಾದುದರಿಂದ ಅದನ್ನಿಲ್ಲಿ ವಿಸ್ತರಿಸುವುದಿಲ್ಲ. ಅಷ್ಟಾಗಿ ಚರ್ಚೆಗೆ ಬಾರದ ಮತ್ತೊಂದಂಶವಿದೆ. ಆಧಾರ್ ಕಾಯ್ದೆಯ 33(2)ನೆಯ ಪ್ರಕರಣವು ರಾಷ್ಟ್ರಭದ್ರತೆಯ ಕಾರಣಕ್ಕೆ ಜಂಟಿ ಕಾರ್ಯದರ್ಶಿಯೊಬ್ಬರ ಆದೇಶದ ಮೇರೆಗೆ ಮಾಹಿತಿಯನ್ನು ಬಯಲಿಗಿಡಲು ಎಡೆಗೊಟ್ಟಿತ್ತು. 2018ರ ಸೆಪ್ಟೆಂಬರ್ 26ರ ತೀರ್ಪು ಅದನ್ನು ಆ ರೂಪದಲ್ಲಿ ರದ್ದುಗೊಳಿಸಿ, ಇನ್ನೂ ಹಿರಿಯ ಅಧಿಕಾರಿಯೊಡನೆ ನ್ಯಾಯಾಂಗದವರೊಬ್ಬರೂ, ಮೇಲಾಗಿ ಹೈಕೋರ್ಟಿನ ನ್ಯಾಯಾಧೀಶರೊಬ್ಬರು, ನಿರ್ಣಯದಲ್ಲಿ ಭಾಗಿಯಾಗಬೇಕೆಂದಿತು. 2019ರ ತಿದ್ದುಪಡಿಯಲ್ಲಿ ಸಂಸತ್ತು ಜಂಟಿ ಕಾರ್ಯದರ್ಶಿಯ ಸ್ಥಾನದಲ್ಲಿ ಕಾರ್ಯದರ್ಶಿಯನ್ನು ಕೂರಿಸಿತು. ಸಾಮಾನ್ಯ ಮೊಕದ್ದಮೆಗಳ ಬಾಗಿಲಿನಲ್ಲಿ ಹೈಕೋರ್ಟಿನ ನ್ಯಾಯಾಧೀಶರನ್ನೂ ನಿಲ್ಲಿಸಿತು. ಭದ್ರತೆಯ ಬಾಗಿಲಿನಲ್ಲಿ ಮಾತ್ರ ಅವರಿಗೆ ಎಡೆ ದೊರೆಯಲಿಲ್ಲ. ಹುದ್ದೆ ಏರಿತು, ತತ್ತ್ವ ಏರಲಿಲ್ಲ.

ಇನ್ನು ಪೆಟ್ಟಿಗೆಯ ವಿಚಾರ. ಮನೆಮನೆಯ ಮೂಲೆಯಲ್ಲಿ ಹಸುರು ದೀಪ ಮಿನುಗಿಸುತ್ತ ಕುಳಿತಿರುವ ರೌಟರ್ ಎಂಬ ಉಪಕರಣಕ್ಕೂ ವೆರ್ಣಾಕ್ಕೂ ಹಳೆಯ ನಂಟು: ಡಿ-ಲಿಂಕ್ ಇಂಡಿಯಾ ಮತ್ತು ಸ್ಮಾರ್ಟ್‌ಲಿಂಕ್ ಸಂಸ್ಥೆಗಳೆರಡರ ನೋಂದಾಯಿತ ಕಚೇರಿಗಳು ಈ ಕೈಗಾರಿಕಾ ವಸಾಹತಿನಲ್ಲಿಯೇ ಇವೆ. 2016ರಲ್ಲಿ ಮಿರಾಯ್ ಎಂಬ ದುಷ್ಟ ತಂತ್ರಾಂಶವು ಕಾರ್ಖಾನೆಯಲ್ಲಿಟ್ಟ ಗುಪ್ತಪದವನ್ನು ಬದಲಿಸದೆ ಬಿಟ್ಟ ಕ್ಯಾಮರಾ ರೌಟರುಗಳನ್ನೆಲ್ಲ ವಶಪಡಿಸಿಕೊಂಡು ಅಂತರ್ಜಾಲದ ದೊಡ್ಡ ಭಾಗವನ್ನೇ ಸ್ತಬ್ಧಗೊಳಿಸಿದ ಮೇಲೆ, ಈ ನಿರುಪದ್ರವಿ ಪೆಟ್ಟಿಗೆಯೂ ರಾಷ್ಟ್ರಭದ್ರತೆಯ ವಸ್ತುವಾಯಿತು. ಅಮೆರಿಕೆಯು ಅದನ್ನು ಗ್ರಾಹಕವಂಚನೆಯ ಕಾನೂನಿನ ಕೆಳಗೆ ತಂದಿತು: ಅಲ್ಲಿಯ ವ್ಯಾಪಾರ ಆಯೋಗವು 2017ರಲ್ಲಿ ಡಿ-ಲಿಂಕಿನ ಅಮೆರಿಕನ್ ಶಾಖೆಯ ಮೇಲೆ (ಇದು ಭಾರತದ ಸಂಸ್ಥೆಗಿಂತ ಬೇರೆಯಾದುದು) ಮೊಕದ್ದಮೆ ಹೂಡಿ, 2019ರ ರಾಜಿಯಲ್ಲಿ ತಂತ್ರಾಂಶದ ಸುರಕ್ಷತೆಯನ್ನು ಹೊರಗಿನ ಪರೀಕ್ಷಕರಿಗೆ ಕಾಲಕಾಲಕ್ಕೆ ಒಪ್ಪಿಸುವಂತೆ ಮಾಡಿತು.

ಭಾರತದಲ್ಲಿ ಎರಡು ಬಾಗಿಲುಗಳು ನಿರ್ಮಾಣವಾದುವು. 2017ರ ನಿಯಮಗಳಂತೆ ದೂರಸಂಪರ್ಕದ ಉಪಕರಣಗಳು ಮಾರಾಟಕ್ಕೆ ಮುನ್ನ ಮಾನ್ಯತೆ ಪಡೆದ ಪ್ರಯೋಗಾಲಯಗಳಲ್ಲಿ ಪರೀಕ್ಷೆಗೊಳಗಾಗಬೇಕು. ಅವುಗಳ ಭದ್ರತಾ ಲಕ್ಷಣಗಳನ್ನು ನಿರ್ಣಯಿಸುವ ರಾಷ್ಟ್ರೀಯ ಸಂವಹನ ಭದ್ರತಾ ಕೇಂದ್ರವಿರುವುದು ಬೆಂಗಳೂರಿನಲ್ಲಿ. ಗಾಲ್ವಾನಿನ ರಕ್ತಪಾತದ ವರ್ಷವಾದ 2020ರ ಡಿಸೆಂಬರಿನಲ್ಲಿ ಮಂತ್ರಿಮಂಡಲದ ಭದ್ರತಾ ಸಮಿತಿ ಒಪ್ಪಿದ ನಿರ್ದೇಶನವು, 2021ರ ಜೂನ್ 15ರಿಂದ ದೂರಸಂಪರ್ಕ ಕಂಪನಿಗಳು ತಮ್ಮ ಜಾಲಕ್ಕೆ ವಿಶ್ವಾಸಾರ್ಹ ಮೂಲಗಳಿಂದ ಮಾತ್ರ ಸಾಮಗ್ರಿ ಕೊಳ್ಳತಕ್ಕದ್ದೆಂದು ವಿಧಿಸಿತು. ಯಾವ ಮೂಲ ವಿಶ್ವಾಸಾರ್ಹವೆಂಬುದನ್ನು ಸರ್ಕಾರವೇ ನಿಶ್ಚಯಿಸುತ್ತದಾದರೂ, ಉಪಕರಣದ ಗುಣದೋಷಗಳನ್ನು ಅಳೆಯುವ ಕಾರ್ಯವನ್ನು ಪ್ರಯೋಗಾಲಯಕ್ಕೆ ಬಿಟ್ಟಿರುವುದು ವಿವೇಕದ ಮಾತು. ತಯಾರಿಸಿದವನೇ ತನ್ನ ಸರಕಿಗೆ ಪ್ರಮಾಣಪತ್ರ ಬರೆದುಕೊಳ್ಳಬಾರದೆಂಬ ನ್ಯಾಯ ಅದರಲ್ಲಿದೆ.

ಅದೇ ನ್ಯಾಯವು ಮನುಷ್ಯನ ಮಾತಿಗೆ ಅನ್ವಯಿಸದಿರುವುದೇ ಈ ಕ್ಷೇತ್ರದ ದೊಡ್ಡ ಕೊರತೆಯೆಂಬುದು ನನ್ನ ಅಭಿಪ್ರಾಯ. ಟೆಲಿಗ್ರಾಫ್ ಕಾಯ್ದೆಯ ಸ್ಥಾನವನ್ನು ತುಂಬಲು ಬಂದ 2023ರ ದೂರಸಂಪರ್ಕ ಕಾಯ್ದೆಯಾಗಲಿ, ಅದರನ್ವಯ 2024ರ ಡಿಸೆಂಬರ್ 6ರಂದು ಪ್ರಕಟವಾದ ಆಲಿಕೆಯ ನಿಯಮಗಳಾಗಲಿ, ಕಾರ್ಯದರ್ಶಿಗಳ ಪರಿಶೀಲನಾ ಸಮಿತಿಯನ್ನು ಯಥಾವತ್ತಾಗಿ ಉಳಿಸಿಕೊಂಡಿವೆ. ಅತ್ತ ಕರ್ನಾಟಕ ಹೈಕೋರ್ಟಿನಲ್ಲಿ ನ್ಯಾಯಮೂರ್ತಿ ಸೂರಜ್ ಗೋವಿಂದರಾಜ್ ಅವರು 2021ರ ಮಾರ್ಚ್‌ನಲ್ಲಿ ವೀರೇಂದ್ರ ಖನ್ನಾ ಪ್ರಕರಣದಲ್ಲಿ, ಪೊಲೀಸರು ಆಪಾದಿತನ ಸ್ಮಾರ್ಟ್‌ಫೋನನ್ನು ಶೋಧಿಸಬೇಕಾದರೆ ತುರ್ತು ಸಂದರ್ಭಗಳ ಹೊರತು ವಾರಂಟು ಬೇಕೆಂದರು. ಪರಿಣಾಮವಾಗಿ, ಜೇಬಿನಲ್ಲಿರುವ ಫೋನನ್ನು ತೆರೆಯಲು ನ್ಯಾಯಾಧೀಶರ ಮುದ್ರೆ ಬೇಕು. ಅದೇ ಫೋನಿನಿಂದ ಹೊರಟ ಮಾತನ್ನು ದಾರಿಯಲ್ಲಿ ಆಲಿಸಲು ಕಾರ್ಯದರ್ಶಿಯ ಸಹಿ ಸಾಕು.

ವೆರ್ಣಾದ ಕಾರ್ಖಾನೆಗಳಲ್ಲಿ ದುಡಿಯುವವರಲ್ಲಿ ವಿಜಯಪುರ, ಬಾಗಲಕೋಟೆ, ಗದಗ, ಕೊಪ್ಪಳದ ಕಡೆಯಿಂದ ಬಂದು ಜುವಾರಿನಗರದಲ್ಲಿಯೂ ವಾಸ್ಕೋದಲ್ಲಿಯೂ ಬಾಡಿಗೆಗಿರುವ ಕನ್ನಡಿಗರೂ ಇದ್ದಾರೆ. 2024ರಲ್ಲಿ ಗೋವೆಯ ವಿಧಾನಸಭೆ ಅಂಗೀಕರಿಸಿದ ಶಾಸನದ ಮೇರೆಗೆ ಮನೆಯ ಮಾಲೀಕರು ಬಾಡಿಗೆದಾರರ ವಿವರಗಳನ್ನು ಪೊಲೀಸರಿಗೆ ಒಪ್ಪಿಸತಕ್ಕದ್ದಾಗಿದೆ. 2023ರ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯು ಖಾಸಗಿ ಕಂಪನಿಗಳ ಮೇಲೆ ಅನೇಕ ಕರ್ತವ್ಯಗಳನ್ನು ಹೊರಿಸಿದೆಯಾದರೂ, ತನ್ನ 17ನೆಯ ಪ್ರಕರಣದಲ್ಲಿ, ದೇಶದ ಸಾರ್ವಭೌಮತ್ವ, ಭದ್ರತೆ, ಸಾರ್ವಜನಿಕ ಸುವ್ಯವಸ್ಥೆಗಳ ನಿಮಿತ್ತ ಕೇಂದ್ರ ಸರ್ಕಾರವು ಹೆಸರಿಸುವ ಸರ್ಕಾರಿ ಸಂಸ್ಥೆಗಳನ್ನು ಆ ಕರ್ತವ್ಯಗಳಿಂದ ಮುಕ್ತಗೊಳಿಸಿದೆ. ಠಾಣೆ ಸೇರಿದ ಆ ವಿವರಗಳು ಎಷ್ಟು ಕಾಲ ಅಲ್ಲಿರಬೇಕು, ಯಾರು ಅವನ್ನು ನೋಡಬಹುದು, ಊರಿಗೆ ಮರಳಿದವನ ಹೆಸರನ್ನು ಯಾವಾಗ ಅಳಿಸಬೇಕು ಎಂಬುದನ್ನು ಸರ್ಕಾರದ ಹೊರಗಿನ ಒಬ್ಬರು ವರ್ಷಕ್ಕೊಮ್ಮೆಯಾದರೂ ತೆರೆದು ನೋಡುವಂತಾದರೆ, ರೌಟರಿಗೆ ಈಗಾಗಲೇ ದೊರೆತಿರುವ ಪರೀಕ್ಷೆಯ ಭಾಗ್ಯ ಅದನ್ನು ಜೋಡಿಸುವ ಕೆಲಸಗಾರನ ಕಡತಕ್ಕೂ ದೊರೆತೀತು.